ವಾಲ್ವ್ ಮೇಲಿನ ತಗಡಿನ ಡಬ್ಬಿ ಯಾಕೆ? ಇಲ್ಲದಿದ್ದರೆ ಏನಾಗುತ್ತದೆ?

ಹಳೇಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಒಂದು ಹಳೇ ವಾಲ್ವ್ ರೇಡಿಯೋ ಸರಿ ಮಾಡುತ್ತಿದ್ದೇನೆ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್. ವಾಲ್ವ್‌ಗಳು 6ಎ8, 6ಕೆ7, 6ಕ್ಯೂ7, 6ವಿ6, 5ವೈ3. ಪೇಪರ್ ಕಂಡೆನ್ಸರ್ ಎಲ್ಲ ಬದಲಾಯಿಸಿದೆ, ಫಿಲ್ಟರ್ ಕಂಡೆನ್ಸರ್ ಕೂಡ ಹೊಸದು. ಸ್ಟೇಷನ್ ಬರುತ್ತದೆ, ಆದರೆ ಪ್ರತಿ ಸ್ಟೇಷನ್ ಹತ್ತಿರ ಹೋದಾಗಲೂ ಕುಯ್ಯ್ ಅಂತ ಸಿಳ್ಳೆ. ಡಯಲ್ ಯಾವ ಕಡೆ ತಿರುಗಿಸಿದರೂ ಅದೇ ಕಥೆ. ಬೇರೊಂದು ರೇಡಿಯೋ ಬಿಚ್ಚಿ ನೋಡಿದಾಗ ಮೂರು ವಾಲ್ವ್‌ಗಳ ಮೇಲೆ ಬೆಳ್ಳಗಿನ ತಗಡಿನ ಡಬ್ಬಿ ಇತ್ತು. ನನ್ನದರಲ್ಲಿ ಒಂದೂ ಇಲ್ಲ, ಡಬ್ಬಿ ಕೂರಿಸುವ ಕ್ಲಿಪ್ಪೋ ತೂತೋ ಕೂಡ ಚಾಸಿಸ್ (ವಾಲ್ವ್ ಕೂರುವ ಲೋಹದ ತಳ) ಮೇಲೆ ಕಾಣುವುದಿಲ್ಲ. ಆ ಡಬ್ಬಿ ಗಾಜು ಒಡೆಯದ ಹಾಗೆ ಕಾಪಾಡಲಿಕ್ಕಾ? ಅಥವಾ ಬಿಸಿ ತಡೆಯಲಿಕ್ಕಾ? ಸಿಳ್ಳೆಗೂ ಅದಕ್ಕೂ ಏನಾದರೂ ಸಂಬಂಧ ಇದೆಯಾ?

ಉಪ್ಪುಕಾಗದ:
ನನ್ನ ಅನುಭವ ಹೇಳುತ್ತೇನೆ. ಎರಡು ಮೂರು ಸೆಟ್‌ಗಳಲ್ಲಿ ಆ ಡಬ್ಬಿ, ಅಂದರೆ ಶೀಲ್ಡ್, ತುಕ್ಕು ಹಿಡಿದಿತ್ತು ಅಂತ ತೆಗೆದು ಬಿಸಾಕಿದ್ದೇನೆ. ಏನೂ ವ್ಯತ್ಯಾಸ ಆಗಲಿಲ್ಲ, ಚೆನ್ನಾಗಿಯೇ ಹಾಡಿದವು. ಹಾಗಾಗಿ ಅದು ಅಷ್ಟೇನೂ ಮುಖ್ಯ ಅಲ್ಲ ಅನ್ನಿಸುತ್ತದೆ. ಮೊದಲು ಸ್ಕ್ರೀನ್ ಬೈಪಾಸ್ ಕಂಡೆನ್ಸರ್ ನೋಡಿ.

ಬೆಸುಗೆಕಡ್ಡಿ:
ಸ್ಕ್ರೀನ್ ಬೈಪಾಸ್ ನೋಡಬೇಕು, ಅದು ನಿಜ. ಆದರೆ ಶೀಲ್ಡ್ ಮುಖ್ಯ ಅಲ್ಲ ಅನ್ನುವ ಮಾತು ಒಪ್ಪುವುದಿಲ್ಲ. ಯಾವ ವಾಲ್ವ್ ಮೇಲೆ ಇತ್ತು ಅನ್ನುವುದರ ಮೇಲೆ ಹೋಗುತ್ತದೆ. ಶೀಲ್ಡ್ ಅನ್ನುವುದು ಮುಚ್ಚಳ ಅಲ್ಲ, ಅದು ಸರ್ಕ್ಯೂಟಿನ ಒಂದು ಭಾಗ. ಗಾಜು ಕಾಪಾಡಲಿಕ್ಕೂ ಅಲ್ಲ, ಬಿಸಿಗೂ ಅಲ್ಲ. ಬಿಸಿ ವಿಷಯದಲ್ಲಿ ಅದು ಸ್ವಲ್ಪ ತೊಂದರೆಯೇ ಕೊಡುತ್ತದೆ, ಅದು ಆಮೇಲೆ.

ಐಎಫ್ ವಾಲ್ವ್ ನೋಡಿ, ನಿಮ್ಮಲ್ಲಿ ಅದು 6ಕೆ7. ಐಎಫ್ ಅಂದರೆ ಯಾವ ಸ್ಟೇಷನ್ ಹಿಡಿದರೂ ಸೆಟ್ ಒಳಗೆ ಅದನ್ನು ಬದಲಾಯಿಸಿಕೊಳ್ಳುವ ಒಂದೇ ಫ್ರೀಕ್ವೆನ್ಸಿ. ಗ್ರಿಡ್‌ಗೆ ಬರುವ ಸಿಗ್ನಲ್ ಚಿಕ್ಕದು. ಪ್ಲೇಟ್‌ನಿಂದ ಹೊರಡುವುದು ಅದರ ನೂರು ಪಟ್ಟು. ಎರಡೂ ಕಡೆ ಒಂದೇ ಫ್ರೀಕ್ವೆನ್ಸಿ, ಒಂದೇ ಥರದ ಟ್ಯೂನ್ ಆದ ಕಾಯಿಲ್. ಆ ದೊಡ್ಡ ಸಿಗ್ನಲ್‌ನ ಒಂದು ಚೂರು ಗಾಳಿಯಲ್ಲೇ ಹಾರಿ ಮತ್ತೆ ಗ್ರಿಡ್‌ಗೆ ಬಿದ್ದರೆ ಅದೂ ಹಿಗ್ಗುತ್ತದೆ, ಮತ್ತೆ ವಾಪಸ್ ಬರುತ್ತದೆ, ಹೀಗೆ ಸುತ್ತುತ್ತಾ ಸುತ್ತುತ್ತಾ ಆಂಪ್ಲಿಫೈಯರ್ ಇದ್ದದ್ದು ಆಸಿಲೇಟರ್ ಆಗಿಬಿಡುತ್ತದೆ. ನಿಮ್ಮ ಸಿಳ್ಳೆ ಅದೇ. ಸೆಟ್ ಒಳಗೇ ಹುಟ್ಟಿದ ಆ ಸಿಗ್ನಲ್ಲಿಗೂ ಸ್ಟೇಷನ್ನಿನ ಸಿಗ್ನಲ್ಲಿಗೂ ಇರುವ ವ್ಯತ್ಯಾಸ ನಿಮ್ಮ ಕಿವಿಗೆ ಕುಯ್ಯ್ ಅಂತ ಕೇಳುತ್ತಿದೆ. ಪ್ಲೇಟ್‌ಗೂ ಗ್ರಿಡ್‌ಗೂ ನಡುವೆ ಅರ್ತ್ ಆದ ಲೋಹ ನಿಂತರೆ ಆ ಚೂರು ಅಲ್ಲೇ ಚಾಸಿಸ್‌ಗೆ ಇಳಿದುಹೋಗುತ್ತದೆ. ಶೀಲ್ಡ್ ಕೆಲಸ ಇಷ್ಟೇ, ಆದರೆ ಇದು ಇಲ್ಲದೆ ನಡೆಯುವುದಿಲ್ಲ.

ಹಳೇಪೆಟ್ಟಿಗೆ:
ಅರ್ಥ ಆಯ್ತು ಸರ್. ಆದರೆ ವಾಲ್ವ್ ಒಳಗೇ ಸ್ಕ್ರೀನ್ ಗ್ರಿಡ್ ಇದೆಯಲ್ಲಾ, ಅದು ಇರುವುದೇ ಪ್ಲೇಟ್ ಮತ್ತು ಗ್ರಿಡ್ ನಡುವೆ ತಡೆ ಹಾಕಲಿಕ್ಕೆ ಅಂತ ಓದಿದ್ದೆ. ಮತ್ತೆ ಹೊರಗೊಂದು ಯಾಕೆ?

ಲೆಕ್ಕದಮನೆ:
ಒಳ್ಳೇ ಪ್ರಶ್ನೆ. ಇದಕ್ಕೆ ಅಂಕಿ ಇಟ್ಟು ನೋಡಿದರೆ ಚೆನ್ನಾಗಿ ತಿಳಿಯುತ್ತದೆ, ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಸ್ಕ್ರೀನ್ ಗ್ರಿಡ್ ಇಲ್ಲದ ಹಳೇ ಟ್ರಯೋಡ್ 01-ಎ ಯಲ್ಲಿ ಗ್ರಿಡ್ ಮತ್ತು ಪ್ಲೇಟ್ ನಡುವೆ ಸುಮಾರು 8 ಪಿಕೋಫ್ಯಾರಡ್ ಕೆಪಾಸಿಟಿ (ತಂತಿ ಇಲ್ಲದೆಯೂ ಸಿಗ್ನಲ್ ದಾಟಲು ಬಿಡುವ ಗುಣ) ಇರುತ್ತಿತ್ತು. ಅದನ್ನು ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಸುಮ್ನೆ ಹಾಕಿದರೆ ಕಿರುಚುವುದು ಗ್ಯಾರಂಟಿ. ಅದಕ್ಕೇ ಹ್ಯಾಝಲ್ಟೈನ್ 1923ರಲ್ಲಿ ನ್ಯೂಟ್ರೋಡೈನ್ ತೋರಿಸಿದ್ದು. ಅಂದರೆ ವಾಪಸ್ ಬರುವ ಸಿಗ್ನಲ್‌ಗೆ ಎದುರಾಗಿ ಅಷ್ಟೇ ಸಿಗ್ನಲ್ ಉಲ್ಟಾ ಮಾಡಿ ಕೊಡುವುದು. ಆಮೇಲೆ ಸ್ಕ್ರೀನ್ ಗ್ರಿಡ್ ವಾಲ್ವ್ ಬಂತು. 1929ರ 24 ನಂಬರ್ ವಾಲ್ವ್, ನಂತರದ 24-ಎ. ಅದರಲ್ಲಿ ಈ 8 ಇದ್ದದ್ದು 0.007 ಪಿಕೋಫ್ಯಾರಡ್‌ಗೆ ಇಳಿಯಿತು. ಸಾವಿರ ಪಟ್ಟು ಕಡಿಮೆ! ಆದರೆ ಡೇಟಾ ಪುಸ್ತಕದಲ್ಲಿ ಆ 0.007 ಪಕ್ಕದಲ್ಲೇ ಒಂದು ಮಾತು ಇರುತ್ತದೆ: ಶೀಲ್ಡ್ ಕ್ಯಾನ್ ಹಾಕಿದಾಗ. 6ಡಿ6ಗೂ ಹಾಗೇ. ಆ ಅಂಕಿ ಸಿಗಬೇಕಾದರೆ ಡಬ್ಬಿ ಇರಲೇಬೇಕು. ಒಳಗಿನ ಸ್ಕ್ರೀನ್ ಪ್ಲೇಟ್ ಸುತ್ತ ಪೂರ್ತಿ ಮುಚ್ಚಿರುವುದಿಲ್ಲ, ಗ್ರಿಡ್ ಕ್ಯಾಪ್ ತಲೆ ಮೇಲಿದೆ, ಗಾಜಿನ ಹೊರಗಿನಿಂದ ಸುತ್ತಿ ಬರುವ ದಾರಿ ತೆರೆದೇ ಇರುತ್ತದೆ. 6ಡಿ6ನಂಥ ವಾಲ್ವ್‌ಗಳ ಗಾಜಿನ ತಲೆ ಗುಮ್ಮಟದ ಹಾಗೆ ಇರುತ್ತದೆ ನೋಡಿ, ಒಳಗಿನ ಶೀಲ್ಡ್ ಆ ಗುಮ್ಮಟದವರೆಗೆ ಬಂದು ನಿಲ್ಲುತ್ತದೆ, ಹೊರಗಿನ ಡಬ್ಬಿ ಅದೇ ಎತ್ತರದಲ್ಲಿ ಗಾಜನ್ನು ಒತ್ತಿ ಹಿಡಿಯುತ್ತದೆ. ಎರಡೂ ಸೇರಿ ಒಂದೇ ಗೋಡೆ.

ಈಗ ಲೆಕ್ಕ. ಐಎಫ್ ಆದ 455 ಕಿಲೋಹರ್ಟ್ಸ್‌ನಲ್ಲಿ 0.007 ಪಿಕೋಫ್ಯಾರಡ್ ಅಂದರೆ ಸುಮಾರು 5 ಕೋಟಿ ಓಮ್. ಐಎಫ್ ಕಾಯಿಲ್ ಟ್ಯೂನ್ ಆದಾಗ ಅಂದಾಜಿಗೆ 2 ಲಕ್ಷ ಓಮ್ ಅನ್ನೋಣ. ಅಲ್ಲಿಗೆ ಪ್ಲೇಟ್ ವೋಲ್ಟೇಜಿನ 250ರಲ್ಲಿ ಒಂದು ಪಾಲು ಗ್ರಿಡ್‌ಗೆ ವಾಪಸ್ ಬರುತ್ತದೆ. ಗೇನ್, ಅಂದರೆ ವಾಲ್ವ್ ಹಿಗ್ಗಿಸುವ ಪಟ್ಟು, 100 ಇದ್ದರೆ ಸುತ್ತಿ ಬಂದದ್ದು 0.4. ಒಂದಕ್ಕಿಂತ ಕಡಿಮೆ, ಸೆಟ್ ಸುಮ್ಮನಿರುತ್ತದೆ. ಶೀಲ್ಡ್ ತೆಗೆದಾಗ ಆ 0.007 ಹತ್ತು ಪಟ್ಟು ಆಗಿ 0.07 ಆಯ್ತು ಅಂತ ಇಟ್ಟುಕೊಳ್ಳಿ. 50 ಲಕ್ಷ ಓಮ್. ವಾಪಸ್ ಬರುವುದು 25ರಲ್ಲಿ ಒಂದು. ಸುತ್ತಿ ಬಂದದ್ದು 4. ಕಿರುಚದೆ ಏನು ಮಾಡುತ್ತದೆ ಪಾಪ. 0.07 ಪಿಕೋಫ್ಯಾರಡ್ ಅಂದರೆ ಮೀಟರಿನಲ್ಲಿ ಅಳೆಯಲಿಕ್ಕೂ ಸಿಗದಷ್ಟು ಚಿಕ್ಕದು, ಎರಡು ತಂತಿ ಸ್ವಲ್ಪ ಹತ್ತಿರ ಬಂದರೆ ಸಾಕು ಅಷ್ಟು ಆಗುತ್ತದೆ. ನಾನು ಇದನ್ನು ಮೊದಲ ಸಲ ಕಾಗದದ ಮೇಲೆ ಮಾಡಿ ನೋಡಿದಾಗ ಆ ತಗಡಿನ ಮೇಲೆ ನಿಜವಾಗಿ ಗೌರವ ಹುಟ್ಟಿತು.

ಉಪ್ಪುಕಾಗದ ಅವರ ಸೆಟ್‌ಗಳು ಯಾಕೆ ಸುಮ್ಮನಿದ್ದವು ಅಂದರೆ, ಬಹುಶಃ ಅವು ಮಿನಿಯೇಚರ್ ವಾಲ್ವ್‌ನವು ಇರಬೇಕು. 6ಬಿಎ6ನಲ್ಲಿ ಹೊರಗಿನ ಶೀಲ್ಡ್ ಇಲ್ಲದೆಯೂ 0.0035 ಪಿಕೋಫ್ಯಾರಡ್ ಮಾತ್ರ.

ಉಪ್ಪುಕಾಗದ:
ಹೌದು, ನನ್ನವು 6ಬಿಎ6 ಇದ್ದ ಸೆಟ್‌ಗಳೇ. ಹಾಗಾದರೆ ನನ್ನ ಮಾತು ಎಲ್ಲ ಸೆಟ್‌ಗೂ ಹೊಂದುವುದಿಲ್ಲ, ವಾಪಸ್ ತಗೊಳ್ಳುತ್ತೇನೆ. ಆದರೆ 6ಬಿಎ6 ಮೇಲೆ ಶೀಲ್ಡ್ ಯಾಕೆ ಹಾಕಿದ್ದರು ಮತ್ತೆ?

ಬೆಸುಗೆಕಡ್ಡಿ:
ವಾಲ್ವ್ ತನ್ನ ಮಟ್ಟಿಗೆ ಚೆನ್ನಾಗಿದ್ದರೂ ಪಕ್ಕದ ವಾಲ್ವ್, ಮೇಲೆ ಹಾದುಹೋಗುವ ಏರಿಯಲ್ ತಂತಿ, ಫೆರೈಟ್ ಕಡ್ಡಿ ಇವೆಲ್ಲ ಇರುತ್ತವಲ್ಲ. ಎರಡು ಐಎಫ್ ಸ್ಟೇಜ್ ಇರುವ ಸೆಟ್‌ನಲ್ಲಿ ಒಟ್ಟು ಗೇನ್ ಸಾವಿರಗಟ್ಟಲೆ, ಅಲ್ಲಿ ಕೊನೆಯ ವಾಲ್ವ್ ಮೊದಲನೆಯದನ್ನು ನೋಡಲೇಬಾರದು. ಇನ್ನೊಂದು, ಆ ಒತ್ತಿ ತಿರುಗಿಸುವ ಶೀಲ್ಡ್‌ನ ಒಳಗೆ ಸ್ಪ್ರಿಂಗ್ ಇರುತ್ತದೆ, ಅದು ವಾಲ್ವ್ ಅನ್ನು ಸಾಕೆಟ್‌ಗೆ ಒತ್ತಿ ಹಿಡಿಯುತ್ತದೆ. ಅಲುಗಾಡುವ ಕಡೆ ಅದೇ ದೊಡ್ಡ ಉಪಕಾರ.

ಹಳೇಪೆಟ್ಟಿಗೆ ಅವರೇ, ನಿಮ್ಮ 6ಕೆ7 ಗಾಜಿನದ್ದಾ, ಕಪ್ಪು ಲೋಹದ್ದಾ? ಚಾಸಿಸ್ ಮೇಲೆ ಡಬ್ಬಿ ಗುರುತೇ ಇಲ್ಲ ಅಂದಿರಿ, ಅದು ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಹಳೇಪೆಟ್ಟಿಗೆ:
6ಎ8 ಕಪ್ಪು ಲೋಹದ್ದು. 6ಕೆ7 ಮತ್ತು 6ಕ್ಯೂ7 ಗಾಜಿನವು, ಹೆಸರಿನ ಕೊನೆಗೆ ಜಿಟಿ ಅಂತ ಇದೆ.

ಬೆಸುಗೆಕಡ್ಡಿ:
ಸಿಕ್ಕಿತು ನೋಡಿ. ನಿಮ್ಮ ಸೆಟ್ ಮೊದಲು ಲೋಹದ ವಾಲ್ವ್‌ಗಳಿಗೆ ಅಂತ ಮಾಡಿದ್ದು. 1935ರಲ್ಲಿ ಆರ್‌ಸಿಎ ಲೋಹದ ವಾಲ್ವ್ ಮಾರುಕಟ್ಟೆಗೆ ತಂದಾಗ ಅದರ ಒಂದು ದೊಡ್ಡ ಅನುಕೂಲ ಇದೇ: ಉಕ್ಕಿನ ಕವಚವೇ ಶೀಲ್ಡ್. ಅದು 1ನೇ ಪಿನ್‌ಗೆ ಸೇರಿರುತ್ತದೆ, ಸಾಕೆಟ್‌ನಲ್ಲಿ 1ನೇ ಪಿನ್ ಚಾಸಿಸ್‌ಗೆ. ಹಾಗಾಗಿ ಡಬ್ಬಿ ಬೇಕಿರಲಿಲ್ಲ, ಕ್ಲಿಪ್ಪೂ ಇಲ್ಲ. ಮುಂದೆ ಯಾರೋ ರಿಪೇರಿ ಮಾಡುವಾಗ ಗಾಜಿನ 6ಕೆ7 ಹಾಕಿದ್ದಾರೆ. ವಾಲ್ವ್ ಕೆಲಸ ಅದೇ, ಆದರೆ ಕವಚ ಹೋಯ್ತು. ಜಿಟಿಯಲ್ಲಿ ಕೆಲವಕ್ಕೆ ಬುಡದಲ್ಲಿ ಲೋಹದ ಪಟ್ಟಿ ಇರುತ್ತದೆ, ಅದು 1ನೇ ಪಿನ್‌ಗೆ ಸೇರಿರುತ್ತದೆ, ಸ್ವಲ್ಪ ಸಹಾಯ ಮಾಡುತ್ತದೆ. ಪೂರ್ತಿ ಅಲ್ಲ.

ಪರೀಕ್ಷೆ ಸುಲಭ. ಸಿಳ್ಳೆ ಬರುವಾಗ ಅಂಗೈಯನ್ನು 6ಕೆ7 ಗಾಜಿನ ಹತ್ತಿರ ತನ್ನಿ, ಮುಟ್ಟಬೇಡಿ. ಸಿಳ್ಳೆ ಬದಲಾದರೆ ಸುಳಿವು ಸಿಕ್ಕಿತು. ಆಮೇಲೆ ಸೆಟ್ ಆಫ್ ಮಾಡಿ, ಪ್ಲಗ್ ಕಿತ್ತು, ಗಾಜಿನ ಸುತ್ತ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಅದರ ಮೇಲೆ ಬರೀ ತಾಮ್ರದ ತಂತಿ ನಾಲ್ಕು ಸುತ್ತು ಬಿಗಿಯಾಗಿ ಹಾಕಿ, ತುದಿಯನ್ನು ಚಾಸಿಸ್‌ನ ಸ್ಕ್ರೂಗೆ ಕಟ್ಟಿ. ಫಾಯಿಲ್ ತಲೆ ಮೇಲಿನ ಗ್ರಿಡ್ ಕ್ಯಾಪ್ ಮುಟ್ಟಬಾರದು, ಮುಟ್ಟಿದರೆ ಸಿಗ್ನಲ್ಲೇ ಅರ್ತ್ ಆಗಿ ಸೆಟ್ ಮೂಕ ಆಗುತ್ತದೆ. ಅರ್ತ್ ಮಾಡುವುದು ಮರೆಯಬೇಡಿ. ಅರ್ತ್ ಇಲ್ಲದ ಫಾಯಿಲ್ ಪ್ಲೇಟ್‌ನಿಂದ ಹಿಡಿದು ಗ್ರಿಡ್‌ಗೆ ಕೊಡುವ ಸೇತುವೆ ಆಗುತ್ತದೆ, ಇದ್ದದ್ದಕ್ಕಿಂತ ಜಾಸ್ತಿ ಕಿರುಚುತ್ತದೆ.

ಜೋಪಾನ:
ಇಲ್ಲಿ ಒಂದು ಮಾತು ಸೇರಿಸಲೇಬೇಕು. ಈ ಸೆಟ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇದೆ, ಸರಿ. ಆದರೆ ಇದನ್ನು ಓದಿ ಬೇರೆ ಯಾರಾದರೂ ಎಸಿ-ಡಿಸಿ ಸೆಟ್‌ನಲ್ಲಿ ಮಾಡಲಿಕ್ಕೆ ಹೋದರೆ ಅಪಾಯ. 12ಎಸ್‌ಕೆ7, 50ಎಲ್6, 35ಝಡ್5 ಇರುವ ಸೆಟ್, ಅಥವಾ ಯುಸಿಎಚ್42, ಯುಎಫ್41, ಯುಎಲ್41 ಇರುವ ಸೆಟ್, ಇವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಚಾಸಿಸ್ ನೇರ ಮೇನ್ಸ್‌ಗೆ ಸೇರಿರಬಹುದು. ಪ್ಲಗ್ ಉಲ್ಟಾ ಹಾಕಿದರೆ ಚಾಸಿಸ್ ಪೂರ್ತಿ ಲೈವ್. ಆಗ ಶೀಲ್ಡ್ ಕೂಡ ಲೈವ್! ಕೈ ಹತ್ತಿರ ತರುವ ಪರೀಕ್ಷೆ ಕೂಡ ಅಲ್ಲಿ ಬೇಡ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಂಥ ಸೆಟ್ ಬಿಚ್ಚಿಟ್ಟು ಆನ್ ಮಾಡಲೇಬೇಡಿ.

ಹಳೇಪೆಟ್ಟಿಗೆ:
ಮಾಡಿ ನೋಡಿದೆ!! ಕೈ ತಂದ ತಕ್ಷಣ ಸಿಳ್ಳೆಯ ಸ್ವರ ಬದಲಾಯಿತು. ಫಾಯಿಲ್ ಸುತ್ತಿ ಅರ್ತ್ ಮಾಡಿದ ಮೇಲೆ ಸಿಳ್ಳೆ ಪೂರ್ತಿ ನಿಂತಿತು. ಮೂರು ವಾರದಿಂದ ಕಂಡೆನ್ಸರ್ ಬದಲಾಯಿಸಿ ಬದಲಾಯಿಸಿ ಸಾಕಾಗಿತ್ತು, ಒಂದು ತುಂಡು ಫಾಯಿಲ್‌ನಲ್ಲಿ ಮುಗಿಯಿತು. ಲೋಹದ 6ಕೆ7 ಒಂದು ಸ್ನೇಹಿತರ ಹತ್ತಿರ ಇದೆ, ಕೊಡುತ್ತೇನೆ ಅಂದಿದ್ದಾರೆ. ಸುಮ್ನೆ ಹಾಕಿಬಿಡಬಹುದಾ?

ಬೆಸುಗೆಕಡ್ಡಿ:
ನಿಲ್ಲಿ, ಹಾಗೇ ಹಾಕಬೇಡಿ. ಮೊದಲು ಸಾಕೆಟ್‌ನ 1ನೇ ಪಿನ್ ನೋಡಿ. ಗಾಜಿನ ವಾಲ್ವ್ ಹಾಕಿದ ಮೇಲೆ ಎಷ್ಟೋ ಜನ ಆ ಪಿನ್ ಖಾಲಿ ಇದೆ ಅಂದುಕೊಂಡು ಅದನ್ನೇ ರೆಸಿಸ್ಟರ್ ಕಟ್ಟುವ ಗೂಟ ಮಾಡಿಕೊಳ್ಳುತ್ತಾರೆ. ಅಲ್ಲಿ ಎಚ್‌ಟಿ (ವಾಲ್ವ್‌ಗಳಿಗೆ ಕೊಡುವ ಹೈ ವೋಲ್ಟೇಜ್) ಇದ್ದು ನೀವು ಲೋಹದ ವಾಲ್ವ್ ಹಾಕಿದರೆ ಅದರ ಕವಚದ ಮೇಲೆಲ್ಲ ಎಚ್‌ಟಿ. ಕೈ ಇಟ್ಟರೆ ಹೊಡೆತ.

ಕೆಂಪುಬಣ್ಣ:
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಯುರೋಪಿನ ವಾಲ್ವ್‌ಗಳ ಸೆಟ್. ಇಸಿಎಚ್35, ಇಎಫ್39, ಇಬಿಸಿ33. ಮೂರಕ್ಕೂ ಕೆಂಪು ಬಣ್ಣ ಬಳಿದ ಹಾಗಿದೆ. ಇಎಫ್39ರ ಬಣ್ಣ ಹೊಪ್ಪಳಿಕೆ ಎದ್ದು ಉದುರುತ್ತಿದೆ, ಒಳಗೆ ಬೂದು ಪುಡಿ. ಇದೂ ಶೀಲ್ಡ್ ಅನ್ನುತ್ತಾರಲ್ಲ, ನಿಜವೇ? ಉದುರಿದ್ದನ್ನು ಪೂರ್ತಿ ಕೆರೆದು ಗಾಜು ಚೆನ್ನಾಗಿ ಕಾಣುವ ಹಾಗೆ ಮಾಡೋಣ ಅಂದುಕೊಂಡಿದ್ದೆ.

ಬೆಸುಗೆಕಡ್ಡಿ:
ದಯವಿಟ್ಟು ಕೆರೆಯಬೇಡಿ! ಆ ಬೂದು ಪುಡಿಯೇ ಶೀಲ್ಡ್. ಗಾಜಿನ ಮೇಲೆ ಲೋಹ ಎರಚಿ, ಅದರ ಮೇಲೆ ಕೆಂಪು ಬಣ್ಣ ಕೊಟ್ಟಿದ್ದಾರೆ. ಬುಡದ ಹತ್ತಿರ ನೋಡಿ, ಕೂದಲಿನಷ್ಟು ಸಣ್ಣ ತಂತಿ ಗಾಜಿನ ಸುತ್ತ ಹೋಗಿರುತ್ತದೆ, ಅದು ಲೋಹದ ಪದರವನ್ನು 1ನೇ ಪಿನ್‌ಗೆ ಸೇರಿಸುತ್ತದೆ. ಗಾಜು ಬುಡದಿಂದ ಸಡಿಲ ಆಗಿ ತಿರುಗಿದರೆ ಮೊದಲು ತುಂಡಾಗುವುದು ಆ ತಂತಿ. ನೋಡಲಿಕ್ಕೆ ವಾಲ್ವ್ ಚೆನ್ನಾಗಿರುತ್ತದೆ, ಟೆಸ್ಟರಿನಲ್ಲೂ ಪಾಸ್, ಆದರೆ ಸೆಟ್‌ಗೆ ಹಾಕಿದರೆ ಸಿಳ್ಳೆ ಅಥವಾ ಗುಂಯ್ ಅನ್ನುವ ಹಮ್.

ಸರಿ ಮಾಡುವ ದಾರಿ: ಪದರ ಇನ್ನೂ ಗಟ್ಟಿ ಇರುವ ಕಡೆ, ಬುಡದ ಹತ್ತಿರ, ಕೆಂಪು ಬಣ್ಣ ಮಾತ್ರ ಬೆರಳಷ್ಟು ಅಗಲ ಮೆಲ್ಲಗೆ ಉಜ್ಜಿ ತೆಗೆಯಿರಿ. ಸಣ್ಣ ತವರ ಬಳಿದ ತಾಮ್ರದ ತಂತಿ ಐದಾರು ಸುತ್ತು ಬಿಗಿಯಾಗಿ ಹಾಕಿ, ಸುತ್ತುಗಳನ್ನು ಒಂದಕ್ಕೊಂದು ಬೆಸುಗೆ ಮಾಡಿ, ತುದಿಯನ್ನು 1ನೇ ಪಿನ್‌ಗೆ ತನ್ನಿ. ಪದರ ಪೂರ್ತಿ ಹೋಗಿದ್ದರೆ ತೆಳು ತಾಮ್ರದ ಹಾಳೆ ಸುತ್ತಬಹುದು, ಕರೆಂಟ್ ಹರಿಯುವ ಬಣ್ಣವನ್ನೂ ಬಳಿಯಬಹುದು. ಮೇಲಿನ ನಂಬರ್ ಉಳಿಸಿಕೊಳ್ಳಿ, ಒದ್ದೆ ಬಟ್ಟೆ ತಾಗಿದರೂ ಅಳಿಸಿಹೋಗುತ್ತದೆ. ಇನ್ನೂ ಹಳೇ ಕೆಲವು ವಾಲ್ವ್‌ಗಳಲ್ಲಿ ಈ ಪದರ ಕ್ಯಾಥೋಡ್‌ಗೆ ಸೇರಿರುತ್ತದೆ, ಬೇರೆ ಪಿನ್ ಇರುವುದಿಲ್ಲ. ಅಂಥದ್ದನ್ನು ಚಾಸಿಸ್‌ಗೆ ತಾಗಿಸಿದರೆ ಬಯಾಸ್ (ವಾಲ್ವ್ ಸರಿಯಾಗಿ ಕೆಲಸ ಮಾಡಲು ಗ್ರಿಡ್‌ಗೆ ಬೇಕಾದ ವೋಲ್ಟೇಜ್) ಹೋಗುತ್ತದೆ. ಹಾಗಾಗಿ ಆ ವಾಲ್ವ್‌ನ ಡೇಟಾ ನೋಡಿಯೇ ಮಾಡಿ.

ಕೆಂಪುಬಣ್ಣ:
ಸದ್ಯ, ಕೇಳಿದ್ದು ಒಳ್ಳೇದಾಯ್ತು. ಮೀಟರ್ ಇಟ್ಟು ನೋಡಿದೆ, ಬೂದು ಪದರಕ್ಕೂ 1ನೇ ಪಿನ್‌ಗೂ ಸಂಪರ್ಕವೇ ಇಲ್ಲ. ಈ ವಾರ ತಂತಿ ಸುತ್ತುತ್ತೇನೆ.

ಉಪ್ಪುಕಾಗದ:
ಬಿಸಿ ವಿಷಯ ಆಮೇಲೆ ಅಂದಿದ್ದಿರಿ ಸರ್. 6ವಿ6ಗೂ ಒಂದು ಡಬ್ಬಿ ಹಾಕಿದರೆ ಏನಾಗುತ್ತದೆ?

ಜೋಪಾನ:
ಬೇಡ. ಗಾಜಿನ 6ವಿ6, ಇಎಲ್84, 5ವೈ3, ಇಂಥವು ತುಂಬ ಬಿಸಿ ಆಗುತ್ತವೆ, ಆ ಬಿಸಿ ಗಾಜಿನಿಂದ ಹೊರಗೆ ಹೋಗಲೇಬೇಕು. ಒಳಮೈ ಹೊಳೆಯುವ ಡಬ್ಬಿ ಮುಚ್ಚಿದರೆ ಬಿಸಿ ಮತ್ತೆ ಒಳಗೇ ತಿರುಗಿ ಬೀಳುತ್ತದೆ, ವಾಲ್ವ್ ಆಯಸ್ಸು ಕಡಿಮೆ ಆಗುತ್ತದೆ. 6ಬಿಎ6ನಂಥ ಚಿಕ್ಕ ವಾಲ್ವ್‌ಗೂ ಹೊಳೆಯುವ ಸಡಿಲ ಶೀಲ್ಡ್ ಒಳ್ಳೇದಲ್ಲ. ಅದಕ್ಕೇ ಮಿಲಿಟರಿ ಉಪಕರಣಗಳಿಗೆ ಅಂತ ಕಪ್ಪು ಬಣ್ಣದ, ಒಳಗೆ ಬೆರಳಿನ ಹಾಗೆ ಎಲೆ ಎಲೆ ಇದ್ದು ಗಾಜನ್ನು ಮುಟ್ಟಿ ಬಿಸಿಯನ್ನು ಚಾಸಿಸ್‌ಗೆ ಇಳಿಸುವ ಶೀಲ್ಡ್ ಬಂದವು. ಸಿಕ್ಕರೆ ಅವನ್ನೇ ಹಾಕಿ.

ಒಂದು ಅಪವಾದ ಇದೆ. 82, 83 ಥರದ ಪಾದರಸದ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಕೆಲವೊಮ್ಮೆ ಕರಕರ ಅನ್ನುವ ಸದ್ದು ಹುಟ್ಟಿಸುತ್ತದೆ, ಸೂಕ್ಷ್ಮ ರಿಸೀವರ್‌ನಲ್ಲಿ ಅದಕ್ಕೆ ಶೀಲ್ಡ್ ಬೇಕಾಗಬಹುದು. ಆದರೆ ಗಾಳಿ ಆಡುವ ತೂತು ಇರುವುದೇ ಆಗಬೇಕು.

ಹಳೇಪೆಟ್ಟಿಗೆ:
1ನೇ ಪಿನ್ ನೋಡಿದೆ. ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಸ್ಕ್ರೀನ್‌ಗೆ ಹೋಗುವ ರೆಸಿಸ್ಟರ್ ಅಲ್ಲೇ ಕಟ್ಟಿದ್ದಾರೆ, ಅಳೆದರೆ ಸುಮಾರು 90 ವೋಲ್ಟ್! ಹಾಗೇ ಹಾಕಿದ್ದರೆ ಏನಾಗುತ್ತಿತ್ತೋ. ಅದನ್ನು ಬಿಚ್ಚಿ ಟ್ಯಾಗ್ ಸ್ಟ್ರಿಪ್‌ಗೆ ಕಟ್ಟಿದೆ, 1ನೇ ಪಿನ್‌ನಿಂದ ಚಾಸಿಸ್‌ಗೆ ದಪ್ಪ ತಂತಿ ಬೆಸುಗೆ ಹಾಕಿದೆ. ಲೋಹದ 6ಕೆ7 ಈಗ ಕೂತಿದೆ, ಫಾಯಿಲ್ ಬೇಕಿಲ್ಲ, ಸಿಳ್ಳೆ ಇಲ್ಲ. ಆದರೆ ಸೌಂಡ್ ಸ್ವಲ್ಪ ಕಡಿಮೆ ಆದ ಹಾಗಿದೆ. ಮತ್ತೆ 910 ಕಿಲೋಹರ್ಟ್ಸ್ ಹತ್ತಿರ ಒಂದು ಸ್ಟೇಷನ್ ಇದೆ, ಅದರಲ್ಲಿ ಮಾತ್ರ ಸಣ್ಣ ಸಿಳ್ಳೆ ಉಳಿದಿದೆ. ಬೇರೆಲ್ಲೂ ಇಲ್ಲ.

ಲೆಕ್ಕದಮನೆ:
ಸೌಂಡ್ ಕಡಿಮೆಗೆ ಕಾರಣ ಸರಳ. ಕವಚ ಬಂದಾಗ ಪ್ಲೇಟ್‌ನಿಂದ ಚಾಸಿಸ್‌ಗೆ ಇರುವ ಕೆಪಾಸಿಟಿ ಬದಲಾಗುತ್ತದೆ, ಐಎಫ್ ಟ್ಯೂನಿಂಗ್ ಸ್ವಲ್ಪ ಜರುಗುತ್ತದೆ. ಐಎಫ್ ಮತ್ತೆ ಅಲೈನ್ ಮಾಡಿ, ಅಂದರೆ ಐಎಫ್ ಕಾಯಿಲ್‌ಗಳ ಟ್ಯೂನಿಂಗ್ ಮತ್ತೆ ಹೊಂದಿಸಿ, ಎಲ್ಲ ಶೀಲ್ಡ್ ಹಾಕಿಯೇ ಮಾಡಬೇಕು. ತೆಗೆದಿಟ್ಟು ಅಲೈನ್ ಮಾಡಿ ಆಮೇಲೆ ಮುಚ್ಚಿದರೆ ಮಾಡಿದ ಕೆಲಸ ದಂಡ.

910 ಅಂದಿರಿ, ನನಗೆ ಖುಷಿ ಆಯ್ತು. 455ರ ಎರಡರಷ್ಟು 910. ನಿಮ್ಮ 6ಕ್ಯೂ7ನ ಡಯೋಡ್ ಡಿಟೆಕ್ಟರ್ (ಐಎಫ್‌ನಿಂದ ಧ್ವನಿ ಬೇರೆ ಮಾಡುವ ಭಾಗ) ಕೆಲಸ ಮಾಡುವಾಗ ಐಎಫ್‌ನ ಎರಡರಷ್ಟು, ಮೂರರಷ್ಟು ಫ್ರೀಕ್ವೆನ್ಸಿಗಳೂ ಹುಟ್ಟುತ್ತವೆ. ಆ 910 ಹಾರಿ ಏರಿಯಲ್ ಕಡೆ ಹೋಗಿ, ಸ್ಟೇಷನ್ ಜೊತೆಯಲ್ಲಿ ಮತ್ತೆ ಒಳಗೆ ಬರುತ್ತದೆ. ಡಯಲ್ ಸ್ವಲ್ಪ ಆಚೀಚೆ ಮಾಡಿ ನೋಡಿ, ಸರಿಯಾಗಿ ಟ್ಯೂನ್ ಆದಾಗ ಸಿಳ್ಳೆ ದಪ್ಪ ಆಗುತ್ತಾ ಇಲ್ಲವಾಗಿ, ಪಕ್ಕಕ್ಕೆ ಸರಿದಂತೆ ಸಣ್ಣ ಆಗುತ್ತಾ ಏರಬೇಕು. 1365ರಲ್ಲಿ ಸ್ಟೇಷನ್ ಇದ್ದರೆ ಅಲ್ಲೂ ಬರಬಹುದು, ಅದು ಮೂರರಷ್ಟು. ನಿಮ್ಮ 6ಕ್ಯೂ7 ಕೂಡ ಗಾಜಿನದ್ದು, ಕವಚ ಇಲ್ಲ. ಅದಕ್ಕೂ ಒಂದು ಶೀಲ್ಡ್ ಬೇಕು.

ಬೆಸುಗೆಕಡ್ಡಿ:
6ಕ್ಯೂ7ಗೆ ಹಾಕಿದರೆ ಇನ್ನೊಂದು ಲಾಭ. ಅದು ಮೊದಲ ಆಡಿಯೋ ವಾಲ್ವ್, ಗ್ರಿಡ್ ತಲೆ ಮೇಲಿದೆ, ಸುತ್ತ ಎಸಿ ತಂತಿಗಳು. ಹಮ್ ಹಿಡಿಯುವುದು ಅಲ್ಲೇ. ಶೀಲ್ಡ್ ಜೊತೆಗೆ ಗ್ರಿಡ್ ಕ್ಯಾಪ್‌ಗೆ ಹೋಗುವ ತಂತಿಯೂ ಶೀಲ್ಡ್ ಇರುವುದೇ ಆಗಲಿ. ಆದರೆ ಟ್ರಾನ್ಸ್‌ಫಾರ್ಮರಿನ ಮ್ಯಾಗ್ನೆಟಿಕ್ ಹಮ್ ಇದ್ದರೆ ಅಲ್ಯೂಮಿನಿಯಂ ಡಬ್ಬಿಯಿಂದ ಹೋಗುವುದಿಲ್ಲ, ಮೇನ್ಸ್ ಫ್ರೀಕ್ವೆನ್ಸಿಯ ಕಾಂತಕ್ಷೇತ್ರಕ್ಕೆ ಅಲ್ಯೂಮಿನಿಯಂ ಇದ್ದೂ ಇಲ್ಲದ ಹಾಗೆ. ಅದಕ್ಕೆ ಕಬ್ಬಿಣದ ಜಾತಿಯ ಲೋಹವೇ ಬೇಕು.

ಶೀಲ್ಡ್ ನೀವೇ ಮಾಡಿಕೊಳ್ಳಬಹುದು. ತೆಳು ಹಿತ್ತಾಳೆ ಹಾಳೆ ಗಾಜಿಗೆ ಸರಿಯಾಗಿ ಸುತ್ತಿ ಅಂಚು ಬೆಸುಗೆ ಮಾಡಿ. ಗೋಟ್ ಅನ್ನುವ ಹೆಸರಿನ ಹಳೇ ಶೀಲ್ಡ್ ಸಿಕ್ಕರೆ ಇನ್ನೂ ಒಳ್ಳೇದು, ಎರಡು ಹೋಳು, ಬುಡದಲ್ಲಿ ಒಂದು ಉಂಗುರ. ಯಾವುದೇ ಆಗಲಿ, ಚಾಸಿಸ್ ಮುಟ್ಟುವ ಜಾಗ ಉಪ್ಪು ಕಾಗದದಲ್ಲಿ ಉಜ್ಜಿ, ಅಲ್ಲಿ ಪೇಂಟ್ ಬೇಡ. ಮೀಟರಿನಲ್ಲಿ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಬೆರಳಲ್ಲಿ ತಟ್ಟಿದಾಗ ಸ್ಪೀಕರಿನಲ್ಲಿ ಕರಕರ ಬಂದರೆ ಅರ್ತ್ ಸರಿಯಾಗಿಲ್ಲ ಅಂತ.

ಹಳೇಪೆಟ್ಟಿಗೆ:
ಎರಡು ಭಾನುವಾರ ಹಿಡಿಯಿತು, ಆಯ್ತು. ಹಿತ್ತಾಳೆ ಹಾಳೆಯ ಶೀಲ್ಡ್ ಮಾಡಿ 6ಕ್ಯೂ7ಗೆ ಹಾಕಿದೆ, ಚಾಸಿಸ್‌ಗೆ 0.2 ಓಮ್ ತೋರಿಸುತ್ತಿದೆ. ತಲೆ ಮೇಲಿನ ತಂತಿ ಬದಲಾಯಿಸಿದೆ. ಎಲ್ಲ ಹಾಕಿಟ್ಟುಕೊಂಡೇ ಐಎಫ್ ಅಲೈನ್ ಮಾಡಿದೆ, ಸೌಂಡ್ ಮೊದಲಿಗಿಂತ ಜಾಸ್ತಿ ಬಂತು. 910ರ ಸಿಳ್ಳೆ ಈಗ ಕಿವಿಗೊಟ್ಟು ಹುಡುಕಿದರೆ ಮಾತ್ರ ಕೇಳುತ್ತದೆ. ಹಮ್ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ, ಅದು ಹೋದ ಮೇಲೆ ಗೊತ್ತಾಯಿತು.

ಹಿಂದಿನ ರಟ್ಟಿನ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: "6ಕೆ7 ಲೋಹದ್ದೇ ಹಾಕಿ, ಗಾಜಿನದ್ದಾದರೆ ಶೀಲ್ಡ್ ಬೇಕು. 1ನೇ ಪಿನ್ ಚಾಸಿಸ್‌ಗೆ ಇದೆ, ಅಲ್ಲಿ ಏನೂ ಕಟ್ಟಬೇಡಿ."

ಬೆಸುಗೆಕಡ್ಡಿ:
ಚೀಟಿಯಲ್ಲಿ 6ಕ್ಯೂ7 ಹೆಸರೂ ಬರೆಯಿರಿ. ನಾಳೆ ಯಾರಾದರೂ ವಾಲ್ವ್ ಬದಲಾಯಿಸುವಾಗ ನಿಮ್ಮ ಹಿತ್ತಾಳೆ ಡಬ್ಬಿ ತೆಗೆದು ಪಕ್ಕಕ್ಕಿಟ್ಟು ಮರೆಯಬಾರದು.